ದುಬೈ ಕಾರನ್ನು ಊರಿಗೆ ತಂದು ಓಡಿಸಬಹುದೇ? ಫಾರ್ವರ್ಡ್ ಹೇಳದ ಲೆಕ್ಕ

ದುಬೈ, ಶಾರ್ಜಾ ನಂಬರ್ ಪ್ಲೇಟಿನ ದೊಡ್ಡ ಕಾರೊಂದು ಮಂಗಳೂರಿನ ರಸ್ತೆಯಲ್ಲಿ ನಿಂತಿರುವ ಫೋಟೊ. ಅದರ ಕೆಳಗೆ ನಾಲ್ಕೈದು ಸಾಲು: ಅಲ್ಲಿ ಅರ್ಧ ಬೆಲೆಗೆ ಕಾರು ಸಿಗುತ್ತದೆ, 'ಕಾರ್ನೆಟ್' ಎಂಬ ಒಂದು ಕಾಗದ ಮಾಡಿಸಿದರೆ ಸುಂಕವೇ ಇಲ್ಲ, ಹಡಗಿನಲ್ಲಿ ತಂದು ಇಲ್ಲಿ ನಂಬರ್ ಮಾಡಿಸಿಕೊಳ್ಳಬಹುದು, ಗಲ್ಫ್‌ನಲ್ಲಿ ಇರುವ ನಿಮ್ಮವರಿಗೆಲ್ಲ ಕಳಿಸಿ. ಕರಾವಳಿಯ ವಾಟ್ಸಾಪ್ ಗುಂಪಿನಲ್ಲಿ ಇರುವವರಿಗೆ ಇಂಥ ಸಂದೇಶ ಹೊಸದಲ್ಲ. ನನಗೂ ಬಂದಿದೆ, ಕಳಿಸಿದವರು ಓದಿದವರೇ.

ಇದರಲ್ಲಿ ಕೆಲವು ಮಾತು ನಿಜ. ದುಬೈನಲ್ಲಿ ಕಾರು ಅಗ್ಗ. ಕಾರ್ನೆಟ್ ಎಂಬ ಕಾಗದವೂ ಇದೆ, ಅದರ ಮೇಲೆ ಬಂದ ಕಾರಿಗೆ ಸುಂಕ ಕಟ್ಟಬೇಕಾಗಿಲ್ಲ ಎನ್ನುವುದೂ ಸರಿ. ಫೋಟೊ ಕೂಡ ನಕಲಿ ಆಗಿರಬೇಕಿಲ್ಲ. ಸುಳ್ಳು ಇರುವುದು ಕೊನೆಯ ಹೆಜ್ಜೆಯಲ್ಲಿ: ಆ ಕಾಗದದ ಮೇಲೆ ಬಂದ ಕಾರು ಇಲ್ಲೇ ಉಳಿದು ನಮ್ಮದಾಗುತ್ತದೆ ಎನ್ನುವ ಕಡೆ.

ಕಾರ್ನೆಟ್ ಎಂದರೆ ಕಾರಿನ ವಿಸಿಟ್ ವೀಸಾ

ಗಲ್ಫ್ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ವಿಸಿಟ್ ವೀಸಾದಲ್ಲಿ ಹೋದವರು ಅಲ್ಲಿ ಇರಬಹುದು, ತಿರುಗಾಡಬಹುದು, ಅವಧಿ ಮುಗಿದ ಮೇಲೆ ವಾಪಸ್ ಬರಬೇಕು. ಕಾರ್ನೆಟ್ ಕಾರಿಗೆ ಕೊಡುವುದು ಅಷ್ಟನ್ನೇ. ಖಾಸಗಿ ವಾಹನಗಳನ್ನು ತಾತ್ಕಾಲಿಕವಾಗಿ ಗಡಿ ದಾಟಿಸಲು 1954ರಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದದಡಿ ಈ ಕಾಗದ ನಡೆಯುತ್ತದೆ. ಕಾರು ನೋಂದಣಿಯಾದ ದೇಶದ ಮೋಟಾರು ಸಂಘ ಇದನ್ನು ಕೊಡುತ್ತದೆ, ಕೊಡುವಾಗ ಮಾಲೀಕರಿಂದ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಇರಿಸಿಕೊಳ್ಳುತ್ತದೆ. ಕಾರು ದೇಶದ ಒಳಗೆ ಬರುವಾಗ ಕಸ್ಟಮ್ಸ್‌ನವರು ಒಂದು ಹಾಳೆಗೆ ಮುದ್ರೆ ಹಾಕುತ್ತಾರೆ, ಹೊರಗೆ ಹೋಗುವಾಗ ಇನ್ನೊಂದು ಮುದ್ರೆ. ಎರಡನೆಯ ಮುದ್ರೆ ಬೀಳದಿದ್ದರೆ ಆ ಕಾರಿನ ಪೂರ್ತಿ ಸುಂಕವನ್ನು ಕಸ್ಟಮ್ಸ್ ಇಲಾಖೆ ಜಾಮೀನು ನಿಂತ ಸಂಘದಿಂದ ಕೇಳುತ್ತದೆ, ಸಂಘ ನಿಮ್ಮ ಠೇವಣಿಗೆ ಕೈ ಹಾಕುತ್ತದೆ.

ಭಾರತದಲ್ಲಿ ಇದಕ್ಕಾಗಿ 1976ರ ಕಸ್ಟಮ್ಸ್ ಅಧಿಸೂಚನೆಯೊಂದಿದೆ. ಅದರಂತೆ ಕಾರ್ನೆಟ್ ಮೇಲೆ ಬಂದ ಕಾರು ಆರು ತಿಂಗಳೊಳಗೆ ದೇಶ ಬಿಡಬೇಕು. ಅಷ್ಟು ದಿನ ಮಾರುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. 2022ರಲ್ಲಿ ಕೇಂದ್ರದ ಹೆದ್ದಾರಿ ಸಚಿವಾಲಯ ಇಂಥ ಅತಿಥಿ ವಾಹನಗಳಿಗೆ ಪ್ರತ್ಯೇಕ ನಿಯಮವನ್ನೂ ತಂದಿದೆ: ಆ ದೇಶದ ನೋಂದಣಿ ಪತ್ರ, ಚಾಲನಾ ಪರವಾನಗಿ, ವಿಮೆ, ಹೊಗೆ ತಪಾಸಣೆ ಪತ್ರ ಕಾರಿನಲ್ಲಿ ಇರಬೇಕು. ದಾಖಲೆಗಳು ಬೇರೆ ಭಾಷೆಯಲ್ಲಿದ್ದರೆ ಅಧಿಕೃತ ಇಂಗ್ಲಿಷ್ ಅನುವಾದವೂ ಬೇಕು.

ಹಾಗಾಗಿ ನೀವು ನೋಡಿದ ಶಾರ್ಜಾ ಪ್ಲೇಟಿನ ಕಾರು ಬಹುಶಃ ಕಾನೂನಿನಂತೆಯೇ ಇಲ್ಲಿದೆ. ರಜೆಗೆ ಬಂದವರು ಜೆಬೆಲ್ ಅಲಿ ಬಂದರಿನಿಂದ ಹಡಗಿನಲ್ಲಿ ತಂದಿದ್ದಾರೆ, ಮನೆಯವರನ್ನು ಕೂರಿಸಿಕೊಂಡು ಕೊಲ್ಲೂರು, ಸುಬ್ರಹ್ಮಣ್ಯ ಸುತ್ತಿದ್ದಾರೆ, ಮತ್ತೆ ಹಡಗು ಹತ್ತಿಸುತ್ತಾರೆ. ಆ ಫೋಟೊ ಕಾರು ನೆಂಟನಾಗಿ ಬಂದದ್ದಕ್ಕೆ ಸಾಕ್ಷಿ. ಮನೆಯವನಾಗಿದೆ ಎಂಬುದಕ್ಕಲ್ಲ.

ಮೊದಲು ಸ್ಟೀರಿಂಗ್ ನೋಡಿ

ಸರಿ, ಸುಂಕ ಕಟ್ಟಿಯೇ ತರೋಣ ಎಂದುಕೊಳ್ಳಿ. ಆಗ ಎದುರಾಗುವ ಮೊದಲ ಪ್ರಶ್ನೆ ಹಣದ್ದಲ್ಲ. ಬಳಸಿದ ಕಾರನ್ನು ಆಮದು ಮಾಡಿಕೊಳ್ಳಲು ನಮ್ಮ ವಿದೇಶ ವ್ಯಾಪಾರ ನೀತಿ ಹಾಕಿರುವ ಸಾಮಾನ್ಯ ಷರತ್ತುಗಳು ಇವು: ತಯಾರಾಗಿ ಮೂರು ವರ್ಷ ದಾಟಿರಬಾರದು. ಸ್ಟೀರಿಂಗ್ ಬಲಗಡೆ ಇರಬೇಕು. ವೇಗ ತೋರಿಸುವ ಮೀಟರ್ ಕಿಲೋಮೀಟರ್‌ನಲ್ಲಿರಬೇಕು. ಹೆಡ್‌ಲೈಟು ಎಡಬದಿ ಸಂಚಾರಕ್ಕೆ ತಕ್ಕಂತಿರಬೇಕು. ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡುವ ಸ್ಥಿತಿಯಲ್ಲಿರಬೇಕು. ತರುವುದು ಮುಂಬಯಿ ಬಂದರಿನ ಮೂಲಕವೇ, ಮನೆಗೆ ಹತ್ತಿರ ಎಂದು ನವಮಂಗಳೂರಿನಲ್ಲಿ ಇಳಿಸಿಕೊಳ್ಳಲಾಗದು.

ದುಬೈನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಹೋಗುತ್ತವೆ, ಅಲ್ಲಿನ ಕಾರುಗಳ ಸ್ಟೀರಿಂಗ್ ಎಡಗಡೆ. ಅಂದರೆ ಫಾರ್ವರ್ಡ್ ಹೇಳುವ ಕಾರು ಎರಡನೆಯ ಷರತ್ತಿಗೇ ನಿಂತುಬಿಡುತ್ತದೆ. ಜಪಾನ್, ಬ್ರಿಟನ್, ಸಿಂಗಪುರ, ಆಸ್ಟ್ರೇಲಿಯಾದಿಂದ ತರುವವರಿಗೆ ಕನಿಷ್ಠ ಈ ತೊಡಕಿಲ್ಲ, ಅವರೂ ನಮ್ಮಂತೆ ಎಡಬದಿಯಲ್ಲಿ ಹೋಗುವವರು.

"ಎಡಗಡೆ ಸ್ಟೀರಿಂಗ್ ಭಾರತದಲ್ಲಿ ನಿಷೇಧ" ಎಂದು ಇದಕ್ಕೆ ಉತ್ತರವಾಗಿ ಹರಿದಾಡುವ ಇನ್ನೊಂದು ಫಾರ್ವರ್ಡ್ ಕೂಡ ಪೂರ್ತಿ ಸರಿಯಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 120ನೇ ಕಲಂ ಹೇಳುವುದು ಇಷ್ಟು: ನಿಗದಿತ ರೀತಿಯ ಸಿಗ್ನಲ್ ಸಾಧನ ಇಲ್ಲದೆ ಎಡಗಡೆ ಸ್ಟೀರಿಂಗಿನ ವಾಹನ ಓಡಿಸಬಾರದು. ಅದಕ್ಕೇ ಅತಿಥಿ ಕಾರು ಇಲ್ಲಿ ಓಡಾಡಬಹುದು. ತಡೆ ಇರುವುದು ಆಮದಿನ ನಿಯಮದಲ್ಲಿ.

ಈ ತಡೆ ಸುಮ್ಮನೆ ಸರ್ಕಾರದ ಕಿರಿಕಿರಿಯಲ್ಲ. ಕಾರಿನ ಹೆಡ್‌ಲೈಟನ್ನು ಡಿಮ್ ಮಾಡಿ ಗೋಡೆಯ ಎದುರು ನಿಲ್ಲಿಸಿ ನೋಡಿ. ಬೆಳಕಿನ ಮೇಲಂಚು ಎರಡೂ ಕಡೆ ಒಂದೇ ಎತ್ತರದಲ್ಲಿ ಇರುವುದಿಲ್ಲ. ನಮ್ಮ ಕಾರುಗಳಲ್ಲಿ ಎಡಕ್ಕೆ, ಅಂದರೆ ರಸ್ತೆಯಂಚಿನ ಕಡೆಗೆ ಬೆಳಕು ಸ್ವಲ್ಪ ಮೇಲೇರುತ್ತದೆ. ನಡೆದು ಹೋಗುವವರು, ಸೈಕಲ್ಲು, ಮೈಲಿಗಲ್ಲು ಕಾಣಲಿ ಎಂದು. ಬಲಕ್ಕೆ, ಎದುರಿನ ವಾಹನ ಬರುವ ಕಡೆ, ಬೆಳಕು ತಗ್ಗಿರುತ್ತದೆ. ದುಬೈ ಕಾರಿನಲ್ಲಿ ಇದು ಅದಲುಬದಲು. ಶಿರಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿ ಅಂಥ ಕಾರು ಎದುರಾದರೆ ಅದು ಡಿಮ್ ಮಾಡಿದ್ದರೂ ಬೆಳಕು ನೇರ ನಿಮ್ಮ ಕಣ್ಣಿಗೆ. ಅದೇ ಘಾಟಿಯಲ್ಲಿ ಮುಂದಿನ ಲಾರಿಯನ್ನು ದಾಟಬೇಕಾದರೆ ಎಡಗಡೆ ಕೂತ ಚಾಲಕನಿಗೆ ಎದುರಿನಿಂದ ಏನು ಬರುತ್ತಿದೆ ಎಂದು ನೋಡಲು ಇಡೀ ಕಾರನ್ನು ಬಲಕ್ಕೆ ಹೊರಗೆಳೆಯಬೇಕು. ನೋಡಿದ ಮೇಲೆ ಒಳಗೆ ಬರಲು ಜಾಗ ಇದ್ದರೆ ಪುಣ್ಯ.

ಸ್ಟೀರಿಂಗನ್ನು ಬಲಕ್ಕೆ ಬದಲಿಸಿ ಕೊಡುವ ಗ್ಯಾರೇಜುಗಳು ಇವೆ. ಸ್ಟೀರಿಂಗ್ ಗಾಲಿಯೊಂದನ್ನು ಈ ಕಡೆಗೆ ತಂದರೆ ಮುಗಿಯುವ ಕೆಲಸವಲ್ಲ ಅದು. ಕೆಳಗಿನ ಸ್ಟೀರಿಂಗ್ ರ‍್ಯಾಕ್, ಪೆಡಲ್ಲುಗಳು, ಡ್ಯಾಶ್‌ಬೋರ್ಡ್, ವೈಪರ್, ಏರ್‌ಬ್ಯಾಗ್ ಎಲ್ಲ ಬದಲಾಗಬೇಕು. ನಮ್ಮ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಅಮೆರಿಕದಲ್ಲೋ ಜಪಾನಿನಲ್ಲೋ ಕೊಂಡ ಐಷಾರಾಮಿ ಕಾರುಗಳನ್ನು ದುಬೈ, ಶ್ರೀಲಂಕಾಗಳಲ್ಲಿ ಹೀಗೆ ಬಲಗಡೆ ಸ್ಟೀರಿಂಗಿಗೆ ಬದಲಿಸಿ, ಸುಳ್ಳು ಬೆಲೆ ತೋರಿಸಿ ತಂದ ಆರೋಪದ ಮೇಲೆ ಕಂದಾಯ ಗುಪ್ತಚರ ನಿರ್ದೇಶನಾಲಯ, ಅಂದರೆ ಡಿಆರ್‌ಐ, 2025ರ ಮೇ ತಿಂಗಳಲ್ಲಿ ಕಾರು ವ್ಯಾಪಾರಿಯೊಬ್ಬರನ್ನು ಬಂಧಿಸಿತ್ತು.

ಹಳೆಯ ಕಾರು ಬೇಡ, ಶೋರೂಮಿನ ಹೊಸ ಕಾರನ್ನೇ ದುಬೈನಿಂದ ತರುತ್ತೇನೆ ಎನ್ನುವವರಿಗೂ ಒಂದು ಮಾತು. ಆಮದಿನ ನಿಯಮದಲ್ಲಿ 'ಹೊಸ ಕಾರು' ಎಂದರೆ ಎಲ್ಲೂ ನೋಂದಣಿಯಾಗದ, ಯಾರಿಗೂ ಮಾರಾಟವಾಗದ ಕಾರು. ಅದು ತಯಾರಾದ ದೇಶದಿಂದಲೇ ಬರಬೇಕು ಎನ್ನುವುದು ಸಾಮಾನ್ಯ ನಿಯಮ. ಜಪಾನಿನಲ್ಲಿ ತಯಾರಾಗಿ ದುಬೈ ಶೋರೂಮಿನಲ್ಲಿ ನಿಂತ ಕಾರು, ನೀವು ಕೀಲಿ ಪಡೆದ ಕ್ಷಣದಲ್ಲೇ ಈ ಲೆಕ್ಕದಿಂದ ಆಚೆ.

ಇನ್ನು ದುಡ್ಡಿನ ವಿಷಯ

ದುಬೈನಲ್ಲಿ ಕಾರು ಏಕೆ ಅಗ್ಗ? ಅಲ್ಲಿ ಆಮದು ಸುಂಕ 5 ಶೇಕಡಾ, ವ್ಯಾಟ್ 5 ಶೇಕಡಾ. ಅಷ್ಟೇ ಕಾರಣ. ಕಂಪನಿಗಳು ಅರಬರಿಗೆ ರಿಯಾಯಿತಿ ಕೊಟ್ಟಿಲ್ಲ. ಗಡಿ ದಾಟಿದೊಡನೆ ನಮ್ಮ ತೆರಿಗೆ ಅದರ ಮೇಲೆ ಕೂರುತ್ತದೆ.

2025ರ ಬಜೆಟ್ ಬಂದ ವಾರ ಇನ್ನೊಂದು ಸಂತೋಷದ ಸುದ್ದಿ ಓಡಾಡಿತು: ಹಳೆಯ ವಿದೇಶಿ ಕಾರಿನ ಸುಂಕ 125ರಿಂದ 70 ಶೇಕಡಾಕ್ಕೆ ಇಳಿಯಿತು! ಅಂಕಿ ಸರಿಯೇ, ಮೂಲ ಸುಂಕ ಇಳಿದದ್ದು ಹೌದು. ಅದೇ ದಿನ ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್ ಎಂದು 67.5 ಶೇಕಡಾ ಸೇರಿಸಲಾಯಿತು. ಮೊದಲು 125 ಮತ್ತು ಅದರ ಮೇಲೆ ಸಮಾಜ ಕಲ್ಯಾಣ ಸರ್‌ಚಾರ್ಜ್ 12.5, ಒಟ್ಟು 137.5. ಈಗ 70 ಮತ್ತು 67.5, ಒಟ್ಟು ಅದೇ 137.5. ಒಂದು ಪೈಸೆ ವ್ಯತ್ಯಾಸವಿಲ್ಲ. ಎಡಗಿಸೆಯಿಂದ ತೆಗೆದು ಬಲಗಿಸೆಗೆ ಹಾಕಿದ ಹಾಗೆ.

ಇದರ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ 40 ಶೇಕಡಾ. ಅದನ್ನು ಹಾಕುವುದು ಕಾರಿನ ಬೆಲೆಯ ಮೇಲಷ್ಟೇ ಅಲ್ಲ, ಬೆಲೆ ಮತ್ತು ಸುಂಕ ಎರಡೂ ಸೇರಿದ ಮೊತ್ತದ ಮೇಲೆ.

"ಗೆಳೆಯನಿಂದ ಕಡಿಮೆ ಬೆಲೆಯ ರಸೀತಿ ಬರೆಸಿಕೊಂಡರಾಯಿತು" ಎನ್ನುವ ಜಾಣತನವೂ ಸಾಮಾನ್ಯ. ಹಳೆಯ ಕಾರಿಗೆ ಕಸ್ಟಮ್ಸ್‌ನವರು ನಿಮ್ಮ ರಸೀತಿಯನ್ನು ನಂಬಿ ಕೂರುವುದಿಲ್ಲ. ಆ ಮಾದರಿ ಹೊಸದಾಗಿದ್ದಾಗ ಎಷ್ಟಿತ್ತು ಎಂದು ಹಿಡಿದು, ಸವಕಳಿಯನ್ನು ತಾವೇ ಕಳೆಯುತ್ತಾರೆ: ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ 4 ಶೇಕಡಾ, ಎರಡನೆಯ ವರ್ಷ 3, ಮೂರನೆಯ ವರ್ಷ 2.5. ಎರಡು ವರ್ಷದ ಕಾರಿಗೆ ಸಿಗುವ ಕಡಿತ 28 ಶೇಕಡಾ ಮಾತ್ರ. ದುಬೈ ಮಾರುಕಟ್ಟೆಯಲ್ಲಿ ಅದರ ಬೆಲೆ ಅರ್ಧಕ್ಕೆ ಬಿದ್ದಿದ್ದರೂ ಈ ಲೆಕ್ಕ ಕದಲುವುದಿಲ್ಲ.

ಒಂದು ಉದಾಹರಣೆ ಮಾಡಿ ನೋಡೋಣ. ಹೊಸದಾಗಿದ್ದಾಗ 1 ಲಕ್ಷ ದಿರ್ಹಮ್ ಇದ್ದ ದೊಡ್ಡ ಪೆಟ್ರೋಲ್ ಕಾರು, ಈಗ ಎರಡು ವರ್ಷ ಹಳತು. ದಿರ್ಹಮ್‌ಗೆ 24 ರೂಪಾಯಿ ಹಿಡಿದರೆ 24 ಲಕ್ಷ. ಸವಕಳಿ 28 ಶೇಕಡಾ ಕಳೆದು 17.28 ಲಕ್ಷ. ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿ ಲೆಕ್ಕ ಸಲೀಸಾಗಲೆಂದು 19 ಲಕ್ಷ ಎನ್ನೋಣ. ಸುಂಕ ಮತ್ತು ಸೆಸ್ 137.5 ಶೇಕಡಾ, ಸುಮಾರು 26.13 ಲಕ್ಷ. ಕಾರು ಈಗ 45.13 ಲಕ್ಷ. ಅದರ 40 ಶೇಕಡಾ ಜಿಎಸ್‌ಟಿ 18.05 ಲಕ್ಷ. ಬಂದರಿನಿಂದ ಹೊರಬರುವ ಹೊತ್ತಿಗೆ ಸುಮಾರು 63.18 ಲಕ್ಷ. ಒಂದು ರೂಪಾಯಿ ಕಾರಿಗೆ 2 ರೂಪಾಯಿ 32 ಪೈಸೆ ತೆರಿಗೆ.

ಇನ್ನೂ ಆರ್‌ಟಿಒ ಬಾಕಿ ಇದೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ಆಜೀವ ತೆರಿಗೆ 18 ಶೇಕಡಾ, ಅದರ ಮೇಲೆ ಸೆಸ್. ಹಳೆಯದಾದರೆ ವಯಸ್ಸಿಗೆ ತಕ್ಕ ಹಾಗೆ ತುಸು ಇಳಿಯುತ್ತದೆ. ನೋಂದಣಿಗೆ ಮುಂಚೆ ಪುಣೆಯ ಎಆರ್‌ಎಐ ಥರದ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರವೂ ಬೇಕು. 2020ರ ಏಪ್ರಿಲ್‌ನಿಂದ ಇಲ್ಲಿ ಬಿಎಸ್‌-6 ಕಡ್ಡಾಯ, ಗಲ್ಫ್ ಮಾರುಕಟ್ಟೆಗೆ ಮಾಡಿದ ಎಂಜಿನ್ ಅದಕ್ಕೆ ತಾನಾಗಿಯೇ ಹೊಂದುತ್ತದೆ ಎಂದುಕೊಳ್ಳುವಂತಿಲ್ಲ. ಬಿಡಿಭಾಗದ ಚಿಂತೆ ಆಮೇಲಿನದು.

ಊರಿಗೇ ಮರಳುವವರಿಗೆ ರಿಯಾಯಿತಿ ಇಲ್ಲವೇ?

ವರ್ಷಗಟ್ಟಲೆ ದುಡಿದು ಕಾಯಂ ಆಗಿ ಮರಳುವವರಿಗೆ 'ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್' ಸೌಲಭ್ಯ ಇದೆ. ಮನೆಸಾಮಾನಿಗೆ ಅದರಲ್ಲಿ ನಿಜಕ್ಕೂ ರಿಯಾಯಿತಿ ಇದೆ. ಹೀಗಾಗಿ ಫ್ರಿಜ್, ವಾಷಿಂಗ್ ಮೆಷಿನ್ ಬಂದ ಹಾಗೆ ಕಾರೂ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕಾರು ಬ್ಯಾಗೇಜ್ ನಿಯಮದೊಳಗೆ ಬರುವುದೇ ಇಲ್ಲ. ಎರಡು ವರ್ಷ ಸತತವಾಗಿ ಹೊರಗಿದ್ದು, ಕಾರು ಕನಿಷ್ಠ ಒಂದು ವರ್ಷ ಅಲ್ಲಿ ನಿಮ್ಮ ಹೆಸರಿನಲ್ಲಿ ಇದ್ದರೆ ಒಂದು ಕಾರು ತರಲು ದಾರಿ ಇದೆ, ಆದರೆ ಪೂರ್ತಿ ಸುಂಕ ಕಟ್ಟಿ. ಮೇಲಿನ ಲೆಕ್ಕವೇ ಇಲ್ಲೂ.

ಬ್ರಿಟನ್ ಜೊತೆ 2025ರ ಜುಲೈ 24ರಂದು ವ್ಯಾಪಾರ ಒಪ್ಪಂದಕ್ಕೆ ಸಹಿಯಾದ ಮೇಲೆ, ಲಂಡನ್ನಿನ ಮಗ ಕಾರು ತಂದರೆ 10 ಶೇಕಡಾ ಸುಂಕ ಸಾಕು ಎಂಬ ಮಾತೂ ಕೇಳಿಬಂತು. ಆ ಇಳಿಕೆ ಬ್ರಿಟನ್ನಿನಲ್ಲೇ ತಯಾರಾದ ಕಾರುಗಳಿಗೆ, ಅದೂ ನಿಗದಿಯಾದ ಕೋಟಾದ ಒಳಗೆ. ಲಂಡನ್ನಿನಲ್ಲಿ ಕೊಂಡ ಜರ್ಮನ್ ಕಾರಿಗೆ ಅದರಿಂದ ಏನೂ ಸಿಗದು.

ಯೂಟ್ಯೂಬಿನಲ್ಲಿ ಕಾಣುವ ಅಮೆರಿಕದ ವಿಡಿಯೊಗಳು ಈ ಗೊಂದಲಕ್ಕೆ ಇನ್ನಷ್ಟು ಸೇರಿಸಿವೆ. ಅಲ್ಲಿ 25 ವರ್ಷ ಹಳತಾದ ಜಪಾನಿ ಕಾರನ್ನು ಸುರಕ್ಷತಾ ಮಾನದಂಡದ ಹಂಗಿಲ್ಲದೆ ತರಬಹುದು, ಸ್ಟೀರಿಂಗ್ ಬಲಗಡೆ ಇದ್ದರೂ ಸರಿ. ನಮ್ಮ ನಿಯಮ ಅದಕ್ಕೆ ತದ್ವಿರುದ್ಧ. ಅಲ್ಲಿ ಮುದಿ ಕಾರಿಗೆ ಬಾಗಿಲು, ನಮ್ಮಲ್ಲಿ ಎಳೆಯದಕ್ಕೆ ಮಾತ್ರ. ಬೇರೆ ದೇಶಗಳು ಬಿಸಾಡಿದ ಕಾರುಗಳ ರಾಶಿ ಇಲ್ಲಿಗೆ ಬಂದು ಬೀಳಬಾರದು, ಇಲ್ಲಿನ ಕಾರ್ಖಾನೆಗಳಿಗೆ ಪೆಟ್ಟಾಗಬಾರದು ಎನ್ನುವುದು ಇದರ ಹಿಂದಿನ ಲೆಕ್ಕಾಚಾರ. ತೆರಿಗೆ ಇಷ್ಟು ಭಾರ ಇರಬೇಕೇ ಎಂದು ವಾದ ಮಾಡಬಹುದು, ನನಗೂ ಅದು ಅತಿಯೆನಿಸುತ್ತದೆ. ಆದರೆ ವಾದ ಮಾಡುವುದು ಬೇರೆ, ಇಲ್ಲದ ರಿಯಾಯಿತಿಯನ್ನು ಇದೆ ಎಂದು ಹಂಚುವುದು ಬೇರೆ.

ಸಿಕ್ಕಿಬೀಳುವುದು ಕೊನೆಗೆ ಕೊಂಡವರು

ಈ ಫಾರ್ವರ್ಡ್ ನಿರುಪದ್ರವಿ ಅಲ್ಲ ಎನ್ನಲು ಕಾರಣ ಇದು. ಕಾರು ತರಲು ಹೋಗಿ ಬಂದರಿನಲ್ಲಿ ಸೋಲುವವರಿಗಿಂತ, "ಆಗಲೇ ಬಂದಿದೆ, ನಂಬರೂ ಆಗಿದೆ" ಎಂದು ಇಲ್ಲಿ ಅಗ್ಗಕ್ಕೆ ಸಿಗುವ ಕಾರನ್ನು ಕೊಳ್ಳುವವರಿಗೆ ಏಟು ಜೋರು.

2021ರ ಜುಲೈನಲ್ಲಿ ಡಿಆರ್‌ಐ ಬಯಲಿಗೆಳೆದ ಜಾಲವೊಂದು ರಾಯಭಾರಿಗಳ ಹೆಸರನ್ನು ಬಳಸಿತ್ತು. ರಾಜತಾಂತ್ರಿಕರಿಗೆ ತಮ್ಮ ಬಳಕೆಗೆ ಸುಂಕವಿಲ್ಲದೆ ಕಾರು ತರುವ ಹಕ್ಕಿದೆ. ಅವರ ಹೆಸರಿನಲ್ಲಿ ತರಿಸಿ ಬೇರೆಯವರಿಗೆ ಮಾರಿದ ಕಾರುಗಳಿಂದ 25 ಕೋಟಿ ರೂಪಾಯಿಗೂ ಹೆಚ್ಚು ಸುಂಕ ತಪ್ಪಿತು ಎಂದು ಇಲಾಖೆ ಹೇಳಿತು. 2025ರ ಸೆಪ್ಟೆಂಬರಿನಲ್ಲಿ ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು 'ಆಪರೇಷನ್ ನುಮ್‌ಖೋರ್' ಹೆಸರಿನಲ್ಲಿ ಕೇರಳದುದ್ದಕ್ಕೂ ಶೋಧ ನಡೆಸಿ ಮೂವತ್ತಕ್ಕೂ ಹೆಚ್ಚು ವಾಹನ ವಶಪಡಿಸಿಕೊಂಡರು. ಶೋಧ ಚಿತ್ರನಟರ ಮನೆಗಳಲ್ಲೂ ನಡೆಯಿತು. ನುಮ್‌ಖೋರ್ ಎಂದರೆ ಭೂತಾನಿನ ಭಾಷೆಯಲ್ಲಿ ವಾಹನ. ಭೂತಾನಿನಲ್ಲಿ ಹರಾಜಿಗೆ ಬಂದ ಲ್ಯಾಂಡ್ ಕ್ರೂಸರಿನಂಥ ಗಾಡಿಗಳನ್ನು ಸುಂಕ ಕಟ್ಟದೆ ಗಡಿ ದಾಟಿಸಿ, ಸೇನೆ ಮತ್ತು ರಾಯಭಾರ ಕಚೇರಿಗಳ ಹೆಸರಿನ ನಕಲಿ ಕಾಗದ ತೋರಿಸಿ ಹಿಮಾಚಲ ಮುಂತಾದ ಕಡೆ ನೋಂದಣಿ ಮಾಡಿಸಿ ದಕ್ಷಿಣಕ್ಕೆ ಮಾರಿದ್ದಾರೆ ಎನ್ನುವುದು ಇಲಾಖೆಯ ಆರೋಪ. ದುಬೈ ಬಿಟ್ಟು ಭೂತಾನ್ ಏಕೆ ಎಂದರೆ ಉತ್ತರ ಮತ್ತೆ ಸ್ಟೀರಿಂಗಿನಲ್ಲೇ ಇದೆ. ಭೂತಾನಿನಲ್ಲೂ ವಾಹನಗಳು ಎಡಬದಿಯಲ್ಲೇ ಹೋಗುತ್ತವೆ. ಬಲಗಡೆ ಸ್ಟೀರಿಂಗಿನ ಕಾರು ನಮ್ಮ ರಸ್ತೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಭೂತಾನಿನ ಗಡಿಯೂ ತೆರೆದ ಗಡಿ, ಹಡಗು ಬೇಕಿಲ್ಲ.

ಇದರಿಂದ ತಿಳಿಯಬೇಕಾದ್ದು, ಆರ್‌ಸಿ ಇದೆ ಎಂದ ಮಾತ್ರಕ್ಕೆ ಸುಂಕ ಕಟ್ಟಿದೆ ಎಂದರ್ಥವಲ್ಲ. ಆರ್‌ಟಿಒ ಬೇರೆ, ಕಸ್ಟಮ್ಸ್ ಬೇರೆ. 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಅಕ್ರಮವಾಗಿ ಬಂದ ವಸ್ತುವನ್ನೇ ಮುಟ್ಟುಗೋಲು ಹಾಕುವ ಅಧಿಕಾರವಿದೆ, ಅದು ಆಗ ಯಾರ ಮನೆಯಂಗಳದಲ್ಲಿ ನಿಂತಿದ್ದರೂ ಸರಿ.

ಕೊಂಡವರಿಗೆ ಕಾನೂನಿನಲ್ಲಿ ಸ್ವಲ್ಪ ಆಸರೆ ಸಿಕ್ಕಿದ್ದೂ ಇದೆ. 2002ರಲ್ಲಿ ದೇಶಕ್ಕೆ ಬಂದು ಕೈಯಿಂದ ಕೈಗೆ ಮಾರಾಟವಾದ ಪೋರ್ಷೆ ಕಾರೊಂದರ ವ್ಯಾಜ್ಯ ಕೇರಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತಲುಪಿತ್ತು. ಆಮೇಲೆ ಕೊಂಡವರು 'ಆಮದುದಾರ' ಅಲ್ಲ, ಅವರಿಂದ ಸುಂಕ ಕೇಳಲಾಗದು ಎಂದು ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿತು. ಕಾರು ಬಂದು ಆಗ 22 ವರ್ಷ. ಗೆದ್ದರೂ ಅಷ್ಟು ಕಾಲ ಮತ್ತು ವಕೀಲರ ಖರ್ಚು ಯಾರಿಗೆ ಸಾಧ್ಯ ಎಂದು ನೀವೇ ಯೋಚಿಸಿ.

ವಿದೇಶದಿಂದ ಬಂದ ಕಾರು ಎಂದು ಯಾರಾದರೂ ಮಾರಲು ಬಂದರೆ ಕೇಳಬೇಕಾದ ಕಾಗದದ ಹೆಸರು 'ಬಿಲ್ ಆಫ್ ಎಂಟ್ರಿ'. ಸುಂಕ ಕಟ್ಟಿ ಬಿಡಿಸಿಕೊಂಡ ಪ್ರತಿ ಕಾರಿಗೂ ಅದು ಇದ್ದೇ ಇರುತ್ತದೆ. ಅದರ ಸಂಖ್ಯೆ, ದಿನಾಂಕ, ಬಂದರಿನ ಹೆಸರು ಇದ್ದರೆ ಕಸ್ಟಮ್ಸ್ ಇಲಾಖೆಯ ಐಸ್‌ಗೇಟ್ ಜಾಲತಾಣದಲ್ಲಿ ಅದರ ಸ್ಥಿತಿಯನ್ನು ನೋಡಬಹುದು. ಕಾಗದದಲ್ಲಿರುವ ಚಾಸಿಸ್ ಸಂಖ್ಯೆಯನ್ನು ಕಾರಿನ ಮೇಲೆ ಕೊರೆದಿರುವ ಸಂಖ್ಯೆಯ ಜೊತೆ ಒಂದೊಂದೇ ಅಕ್ಷರ ಹಿಡಿದು ಹೋಲಿಸಿ, ಉಜ್ಜಿ ತಿದ್ದಿದ ಗುರುತಿದೆಯೇ ನೋಡಿ. "ಕಾಗದ ಮುಂಬಯಿಯ ಏಜೆಂಟರ ಹತ್ತಿರ ಇದೆ, ಅಡ್ವಾನ್ಸ್ ಕೊಟ್ಟರೆ ತರಿಸುತ್ತೇನೆ" ಎಂದರೆ ಅಲ್ಲಿಗೇ ಕೈಮುಗಿದು ಬನ್ನಿ.

ಇನ್ನು ಗಲ್ಫ್‌ನಿಂದ ಮರಳುತ್ತಿರುವ ಅಣ್ಣ ಕಾರನ್ನು ಏನು ಮಾಡಲಿ ಎಂದು ಕೇಳಿದರೆ, ಅಲ್ಲೇ ಮಾರಿ ಬರಲು ಹೇಳಿ. ಊರಲ್ಲೊಮ್ಮೆ ಆ ಕಾರಿನಲ್ಲಿ ಓಡಾಡುವ ಆಸೆಯಿದ್ದರೆ ಕಾರ್ನೆಟ್ ಮಾಡಿಸಿ ತರಲಿ, ಒಳಗೆ ಬಂದ ಮುದ್ರೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಟ್ಟುಕೊಳ್ಳಲಿ. ಮಳೆಗಾಲದಲ್ಲಿ ಹಡಗಿನ ದಿನ ಹಿಂದೆ ಮುಂದೆ ಆಗುವುದುಂಟು, ಆರನೆಯ ತಿಂಗಳ ಕೊನೆಯ ವಾರದವರೆಗೆ ಕಾಯುವುದು ಬೇಡ.